ವಾರ ಹೇಳುವ ಫಂಕ್ಷನ್

"ಎಲ್ಲಾರ ಮುಂದ ನೀರ್ಗಳ್ಳಿ ಅಂದ್ರವ್ವಾ!" ಯಂಕವ್ವ ಕಾಲುವೆ ಸಂಘದ ಬಾಗಿಲಲ್ಲೇ ನಿಂತು ಫೋನು ಚಾಚಿದಳು. "ನೋಡು, ನಿನ್ನ ಪುಟದಾಗ ನನ್ನ ಪಾಳಿ ಬುಧವಾರ ಅಂತ ಐತಿಲ್ಲೋ?"

ಇತ್ತು. ಕಂಪ್ಯೂಟರ್ ಮುಂದಿದ್ದ ದಾನೇಶ್ವರಿ ಆ ಸಾಲನ್ನು ಮತ್ತೊಮ್ಮೆ ಓದಿದಳು. ತಾರೀಖು ಇವತ್ತಿನದೇ, ಗುರುವಾರದ್ದು. ಅದರ ಪಕ್ಕದಲ್ಲಿದ್ದ ವಾರದ ಹೆಸರು ಮಾತ್ರ ಒಂದು ದಿನ ಹಿಂದಿತ್ತು. ತಾರೀಖು ಯಾರು ನೋಡುತ್ತಾರೆ? ಯಂಕವ್ವ ನಿನ್ನೆಯೇ ತೂಬು ಎತ್ತಿದ್ದಳು, ಮೇಲಿನ ಹೊಲದ ದೇವೇಂದ್ರಪ್ಪನ ಪಾಳಿಯಲ್ಲಿ; ನೀರು ಅವಳ ಹೊಲ ಮುಟ್ಟುವ ಮೊದಲೇ ಅವನು ಬಂದು ತೂಬು ಇಳಿಸಿದ್ದ. ಪಾಳಿ ಮುರಿದವರಿಗೆ ಮುಂದಿನ ಪಾಳಿ ಇಲ್ಲ ಎಂಬುದು ಸಂಘದ ಕಟ್ಟಳೆ. ಇವತ್ತು ನೀರು ಸಿಗದಿದ್ದರೆ ಕಾಲುವೆಯ ಕೊನೆಯ ಅವಳ ಸಸಿಮಡಿ ಉಳಿಯುವುದಿಲ್ಲ.

ಉಳಿದವರು ಕಚೇರಿಯಲ್ಲಿ ಪಾಳಿ ಬರೆದ ಹಲಗೆ ನೋಡುವವರು. ಮಂಡಿನೋವಿನ ಯಂಕವ್ವನಿಗೆ ಫೋನು ನೋಡಲು ಕಲಿಸಿದವಳು ದಾನೇಶ್ವರಿಯೇ.

ಗಂಗಾವತಿಯ ಸಂಜೆ ತರಗತಿಯಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತು, ಅದರದೇ ಫ್ಲಾಸ್ಕ್ ಎಂಬ ಸಲಕರಣೆಯಿಂದ ಅವಳು ಸಂಘದ ಈ ವೆಬ್ ಪುಟಗಳನ್ನು ಕಟ್ಟಿದ್ದಳು. ತಾರೀಖಿಗೆ ವಾರದ ಹೆಸರು ಕೊಡುವ ಸಣ್ಣ ಕೋಡ್ ತುಣುಕನ್ನು, ಫಂಕ್ಷನ್ನನ್ನು, ಮೊದಲು ಪುಟದ ಅಚ್ಚಾದ ಒಂದೊಂದು ಟೆಂಪ್ಲೇಟಿಗೂ ಬೇರೆಬೇರೆಯಾಗಿ ಕಳಿಸುತ್ತಿದ್ದಳು. ಒಂದಕ್ಕೆ ಮರೆತು ಪುಟ ಕೆಟ್ಟಿತು. ಮತ್ತೆ ಮರೆತೇನೆಂದು ಅಂಜಿ, ಹೋದ ವಾರ ಆ ಫಂಕ್ಷನ್ನನ್ನು ಹೊಸದಾಗಿ ಬರೆದು, ಎಲ್ಲ ಟೆಂಪ್ಲೇಟುಗಳಿಗೂ ತಾನಾಗಿಯೇ ಸಿಗುವಂತೆ ಒಂದೇ ಕಡೆ ಸೇರಿಸಿದ್ದಳು. ಗೋಡೆಯ ಕ್ಯಾಲೆಂಡರಿನಂತೆ ರವಿವಾರದಿಂದ ಹೆಸರು ಬರೆದಿದ್ದಳು. ಪೈಥಾನ್ ಸೋಮವಾರದಿಂದ ಎಣಿಸುತ್ತದೆ; ಹೀಗಾಗಿ ಗುರುವಾರ ಬುಧವಾರವಾಗಿತ್ತು. ತಪ್ಪೂ ಎಲ್ಲ ಪುಟಕ್ಕೂ ತಾನಾಗಿಯೇ ಸಿಕ್ಕಿತ್ತು.

ಒಂದು ಸಾಲು ತಿದ್ದಿದರೆ ಯಾರಿಗೂ ತಿಳಿಯದು. ಬೆರಳು ಕೀಲಿಗಳ ಮೇಲೆ ಹೋಯಿತು. ತಿದ್ದಿದರೆ ಯಂಕವ್ವನ ಸಾಕ್ಷಿಯೂ ಅಳಿಯುತ್ತದೆ. ಕೈ ತೆಗೆದು, ಅಧ್ಯಕ್ಷ ಶರಣಬಸಪ್ಪನಿಗೂ ದೇವೇಂದ್ರಪ್ಪನಿಗೂ ಫೋನು ಮಾಡಿ ಕರೆದಳು.

"ತಪ್ಪು ನಂದ್ರೀ," ಎಂದು ಪರದೆ ತೋರಿಸಿದಳು. "ಇವತ್ತು ಗುರುವಾರ. ಇಲ್ಲಿ ಬುಧವಾರ ಅಂತೈತಿ."

ದೇವೇಂದ್ರಪ್ಪ ಗೋಡೆಯ ಕ್ಯಾಲೆಂಡರನ್ನೂ ಪರದೆಯನ್ನೂ ಎರಡು ಸಲ ನೋಡಿದ. "ಅಂದ್ರ ನನ್ನ ನೀರು ಕದ್ದಾಕಿ ನೀನಽ ಅನ್ನು!"

"ಹೌದ್ರೀ."

ಅವಳು ಹೀಗೆ ಒಪ್ಪಿಕೊಂಡಾಳು ಎಂದು ಅವನು ಎಣಿಸಿರಲಿಲ್ಲ. "ಇರಲಿ ಬಿಡ್ರಿ," ಎಂದು ಗೊಣಗಿದ. "ಆಕಿ ನೀರು ಆಕಿಗೆ ಬಿಡ್ರಿ."

"ಆತು, ನೀರು ಬಿಡೂಣು. ಇನ್ನ ಆ ಪುಟ ಬಂದ್ ಮಾಡವ್ವ," ಎಂದ ಶರಣಬಸಪ್ಪ. "ಹಲಗಿ ಸಾಕು."

ಯಂಕವ್ವ ಆಗಲೇ ಮೆಟ್ಟಿಲಿಳಿಯುತ್ತಿದ್ದಳು. "ಅಜ್ಜೀ, ಈಗ ಸರಿ ಮಾಡ್ತೀನಿ," ಎಂದು ದಾನೇಶ್ವರಿ ಹಿಂದೆ ಓಡಿದಳು.

"ಮಾಡವ್ವ." ಯಂಕವ್ವ ಗೋಡೆ ಹಿಡಿದು ನಿಂತಳು. "ನಾ ಮಾತ್ರ ಇನ್ಮ್ಯಾಲೆ ಕುಂಟಕೋಂತಾದ್ರೂ ಬಂದು ಹಲಗಿ ನೋಡ್ತೀನಿ."