ಇವರನ್ನೇ ಕೇಳಿ

ಮದುವೆ ಪರವಾನಗಿಯ ಕಚೇರಿಗೆ ಬರುವಾಗ ಹಲ್ಲಕ್ಕ ಹೊಸ ಕೋಟು ಹಾಕಿಕೊಂಡಿದ್ದಳು. ಆದರೆ ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯಲ್ಲಿ ಪ್ಲಾಸ್ಟರಿನ ಬಿಳುಪು ಉಳಿದೇ ಇತ್ತು. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಅವಳ ಕೆಲಸ. ಆ ಪರದೇಶದಲ್ಲಿದ್ದ ನಮ್ಮ ಭಾಷೆಯ ನಾಲ್ಕಾರು ಮನೆಯವರು ಇಟ್ಟ ಹೆಸರು ಹಲ್ಲಕ್ಕ. ನಲವತ್ತು ದಾಟಿದ ಮೇಲೆ ಮದುವೆಯಾಗುತ್ತಾಳಂತೆ ಎಂದು ಸುದ್ದಿಯಾದಾಗ ಅವರಲ್ಲೊಬ್ಬಾಕೆ, "ಹಲ್ಲಿದ್ದಾಗ ಕಡಲೆ ಇರ್ಲಿಲ್ಲ ಪಾಪ" ಎಂದು ಚುಚ್ಚಿದ್ದಳು. "ಕಡಲೆ ಬಂತಲ್ಲ, ಹಲ್ಲಿನ ಜವಾಬ್ದಾರಿ ನಂದು ಬಿಡಿ" ಎಂದು ಹಲ್ಲಕ್ಕ ಅಲ್ಲೇ ಬಾಯಿ ಮುಚ್ಚಿಸಿದ್ದಳು.

ವರ ಲಿಫ್ಟ್ ಮೆಕ್ಯಾನಿಕ್. ಅವನಿಗೂ ಅದೇ ಮನೆಗಳವರು ಲಿಫ್ಟಪ್ಪ ಎಂದು ಹೆಸರಿಟ್ಟಿದ್ದರು. ಚಿಕ್ಕಂದಿನಲ್ಲೇ ಅಪ್ಪ ಅಮ್ಮನ ಜೊತೆ ಬಂದವನು, ಈಗ ಆ ದೇಶದ ಪ್ರಜೆ. ಹಲ್ಲಕ್ಕ ಮಾತ್ರ ಇನ್ನೂ ಹೊರಗಿನವಳು. ಕಗ್ಗಂಟಾಗಿದ್ದೇ ಅಲ್ಲಿ. ಹೊರದೇಶದವರು ಮದುವೆ ಪರವಾನಗಿ ಕೇಳಿದರೆ, ಇವರಿಗೆ ಈ ಮೊದಲು ಮದುವೆಯಾಗಿಲ್ಲವೆಂದು ತವರು ದೇಶದ ಕಚೇರಿಯಿಂದ ದೃಢೀಕರಣ ಬರಬೇಕು. ತವರಿನ ಕಚೇರಿ ಅದನ್ನು ಕೊಡಬೇಕಾದರೆ ರಕ್ತಸಂಬಂಧಿಯೊಬ್ಬರು ಖುದ್ದಾಗಿ ಹೋಗಿ ಹೇಳಿಕೆ ಕೊಡಬೇಕು. ಹಲ್ಲಕ್ಕನಿಗೆ ಉಳಿದಿದ್ದ ರಕ್ತಸಂಬಂಧಿ ಒಬ್ಬನೇ, ಅವಳ ಅಣ್ಣ.

ಅಣ್ಣ ಫೋನಿನಲ್ಲೇ ಒಲ್ಲೆ ಎಂದ. "ಹುಡುಗ ಕೆಟ್ಟವನು ಅಂತ ನಾನೆಲ್ಲಿ ಹೇಳಿದೆ? ನನ್ನನ್ನ ಒಂದು ಮಾತು ಕೇಳದೆ ಗೊತ್ತು ಮಾಡ್ಕೊಂಡೆಯಲ್ಲ, ಅದು. ತಪ್ಪಾಯ್ತು ಅನ್ನು, ನಾಳೆ ಬೆಳಿಗ್ಗೆನೇ ಹೋಗಿ ಹೇಳ್ತೀನಿ" ಎಂದ. ಹಿಂದಿನಿಂದ ಅತ್ತಿಗೆ, "ಅಂದುಬಿಡೇ ಮಾರಾಯ್ತಿ, ಬಾಯಿ ಮಾತಿಗೆ ಏನು ಹೋಗುತ್ತೆ? ನಾನು ದಿನಾ ಅಂತೀನಿ" ಎಂದದ್ದೂ ಕೇಳಿಸಿತ್ತು. ಹಲ್ಲಕ್ಕ ಅನ್ನಲಿಲ್ಲ. ಮಾಡದ ತಪ್ಪನ್ನು ಒಪ್ಪಿಕೊಂಡು ಮದುವೆಯಾಗುವ ಹಣೆಬರಹ ತನಗೆ ಬೇಡ ಎಂದು ಫೋನ್ ಇಟ್ಟಿದ್ದಳು.

ಅರ್ಜಿಯ ಗಡುವು ಇಂದಿಗೆ ಮುಗಿಯುತ್ತಿತ್ತು. ಇಂದು ಆಗದಿದ್ದರೆ ಮೊದಲಿನಿಂದ ಶುರು. ಎಂದರೆ, ಮತ್ತೆ ಅಣ್ಣನ ಬಾಗಿಲಿಗೆ.

ಗಾಜಿನ ಹಿಂದೆ ಕುಳಿತ ಗುಮಾಸ್ತನಿಗೆ ಮೇಲಿನ ಸಾಲಿನ ಸೆಟ್ಟು ಸಡಿಲವಾಗಿತ್ತು, ಮಾತಾಡುವಾಗ ಟಕ್ ಎನ್ನುತ್ತಿತ್ತು. ಅದು ತನ್ನ ಲ್ಯಾಬಿನದಲ್ಲ ಎಂಬುದು ಹಲ್ಲಕ್ಕನಿಗೆ ಮೊದಲ ದಿನವೇ ತಿಳಿದಿತ್ತು. ಮನುಷ್ಯ ಒರಟನಲ್ಲ. ಅಣ್ಣನ ಕತೆ ಕೇಳಿದ ಮೇಲೆ ತಾನಾಗಿಯೇ ಒಂದು ದಾರಿ ತೋರಿಸಿದ.

"ತವರಿನಿಂದ ದೃಢೀಕರಣ ಸಿಗದಿದ್ದರೆ, ಇವರನ್ನು ಚೆನ್ನಾಗಿ ಬಲ್ಲ ಇಲ್ಲಿನ ಪ್ರಜೆಯೊಬ್ಬರು ಪ್ರಮಾಣ ಮಾಡಿದರೂ ಆಗುತ್ತೆ. ವರನೇ ಮಾಡಬಹುದು" ಎಂದು ಲಿಫ್ಟಪ್ಪನ ಕಡೆ ತಿರುಗಿದ. "ಕೈ ಎತ್ತಿ. ಇವರಿಗೆ ಈ ಮೊದಲು ಮದುವೆ ಆಗಿಲ್ಲ ಅಂತ ನಿಮಗೆ ಖಚಿತವಾಗಿ ಗೊತ್ತಾ?"

ಹೌದು ಅಂದರೆ ಮುಗಿದಿತ್ತು. ಲಿಫ್ಟಪ್ಪ ಕೈ ಎತ್ತಿದ. ಎತ್ತಿದವನು ಯೋಚಿಸಿದ.

"ಮೂರು ವರ್ಷದಿಂದ ಆಗಿಲ್ಲ, ಅದು ಗೊತ್ತು" ಎಂದ. "ಅದಕ್ಕೆ ಮುಂಚಿನದು ಇವರು ಹೇಳಿದ್ದು. ನಾನು ಕಂಡಿದ್ದಲ್ಲ."

ಗುಮಾಸ್ತ ಪೆನ್ನು ಕೆಳಗಿಟ್ಟ. "ಗೊತ್ತಾ, ಗೊತ್ತಿಲ್ವಾ?"

"ಕಂಡಿಲ್ಲದ್ದನ್ನ ಕಂಡೆ ಅಂತ ಪ್ರಮಾಣ ಮಾಡೋದು ಹೇಗೆ? ಇವರ ವಿಷಯ, ಇವರನ್ನೇ ಕೇಳಿ."

"ಹಾಗೆ ಬರಲ್ಲ" ಎಂದ ಗುಮಾಸ್ತ. "ಕಚೇರಿ ಮುಚ್ಚೋದರೊಳಗೆ ಬೇರೆ ಯಾರಾದರೂ ಸಿಕ್ಕರೆ ಕರ್ಕೊಂಡು ಬನ್ನಿ."

ಕಾರಿಡಾರಿನ ಬೆಂಚಿನವರೆಗೆ ಹಲ್ಲಕ್ಕ ಬಿರಬಿರನೆ ನಡೆದಳು. ಬೆಂಚಿನಲ್ಲಿ ಕೂತಮೇಲೆ, ಇಷ್ಟು ದಿನ ನೀವು ತಾವು ಎನ್ನುತ್ತಿದ್ದವಳು ಒಮ್ಮೆಗೇ ಏಕವಚನಕ್ಕಿಳಿದಳು.

"ನಾನೇನು ನಿನ್ನ ಲಿಫ್ಟಾ? ಹಗ್ಗ ನೋಡಿ, ಬ್ರೇಕ್ ನೋಡಿ, ಆಮೇಲೆ ಸಹಿ ಹಾಕೋಕೆ?"

"ನಿನ್ನ ಮಾತು ನಂಬಿಲ್ಲ ಅಂತ ಅಲ್ಲ."

"ನಂಬಿದ್ರೆ ಹೌದು ಅಂತ ಒಂದು ಮಾತು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಕೇಳಿದ ಮೇಲೆ ಅವಳಿಗೇ ಕಸಿವಿಸಿಯಾಯಿತು. ಇದೇ ಪ್ರಶ್ನೆಯನ್ನು ಇವನಿಗೆ ಹಿಂದೊಮ್ಮೆ ಕೇಳಿದ್ದಳು. ಲ್ಯಾಬಿರುವ ಕಟ್ಟಡದ ಲಿಫ್ಟನ್ನು ಇವನು ರಿಪೇರಿಗೆಂದು ಬಿಚ್ಚಿಹಾಕಿದ್ದ ಕಾಲ. ಕಟ್ಟಡದ ಯಜಮಾನ ಕೂಗಾಡುತ್ತಿದ್ದ, ಕಂಪನಿಯ ಮೇಲಿನವನು ಎಲ್ಲ ಸರಿಯಾಗಿದೆ ಸಹಿ ಹಾಕು ಎನ್ನುತ್ತಿದ್ದ, ಪ್ಲಾಸ್ಟರ್ ಅಚ್ಚುಗಳ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿ ಹಲ್ಲಕ್ಕನ ಸೊಂಟ ಬಿದ್ದುಹೋಗಿತ್ತು. ಇವನು ಮಾತ್ರ, "ಬ್ರೇಕ್ ನೋಡಿದವನು ಅವನು, ನಾನಲ್ಲ. ನಾನು ನೋಡಿದ ಮೇಲೆ ಹಾಕ್ತೀನಿ" ಎಂದು ಕಲ್ಲಾಗಿ ನಿಂತಿದ್ದ. ಹಿಂದೆ ಬೇರೊಂದು ಕಟ್ಟಡದಲ್ಲಿ ಅವನ ಜೊತೆಗಾರನೊಬ್ಬ ಬೇರೆಯವರ ಮಾತಿನ ಮೇಲೆ ಸಹಿ ಹಾಕಿ, ಆ ಲಿಫ್ಟು ಕುಸಿದು, ಕಸ ಗುಡಿಸುವಾಕೆಯ ಕಾಲು ಮುರಿದದ್ದು ಆಮೇಲೆ ತಿಳಿಯಿತು. ಕೊನೆಗೆ ಎಲ್ಲವನ್ನೂ ನೋಡಿ, ಮೊದಲ ಸಲ ತಾನೇ ಹತ್ತಿ ಇಳಿದು, ಆಮೇಲೆ ಬಾಗಿಲು ಹಿಡಿದು ಅವಳನ್ನು ಕರೆದಿದ್ದ. ಈ ಮನುಷ್ಯ ಆಗಬಹುದು ಎಂದು ಅವಳಿಗೆ ಅನ್ನಿಸಿದ್ದು ಅವತ್ತೇ.

ಬೇವು ನೆಟ್ಟು ಮಾವು ಸಿಗಲಿಲ್ಲವೆಂದು ಈಗ ಅತ್ತರೆ ಹೇಗೆ?

ಆದರೂ ಗಡಿಯಾರ ನಿಲ್ಲುವುದಿಲ್ಲವಲ್ಲ. ಹಲ್ಲಕ್ಕ ಫೋನ್ ತೆಗೆದು ಅಣ್ಣನಿಗೇ ಮಾಡಿದಳು. ಆ ಕಡೆ ಅಣ್ಣ, ಅವಳು ಅರ್ಧ ಹೇಳುವುದರೊಳಗೇ ನಕ್ಕ.

"ಕಟ್ಟಿಕೊಳ್ಳೋನೇ ಸಾಕ್ಷಿ ಹೇಳ್ಲಿಲ್ವಾ? ನೋಡಿದ್ಯಾ, ನಿನ್ನ ಪರವಾಗಿ ನಿಲ್ಲೋಕೆ ಕೊನೆಗೂ ಅಣ್ಣನೇ ಬೇಕು. ಹೇಳು, ತಪ್ಪಾಯ್ತು ಅನ್ನು. ನಾನೇ ಅವರ ಕಚೇರಿಗೆ ಫೋನ್ ಮಾಡಿ ಗಡುವು ಮುಂದೆ ಹಾಕಿಸ್ತೀನಿ. ಗಂಡಸರು ಮಾತಾಡಿದ್ರೆ ಕೆಲಸ ಆಗುತ್ತೆ."

ತಪ್ಪಾಯ್ತು ಎಂಬ ಮಾತು ಹಲ್ಲಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಅತ್ತಿಗೆ ದಿನಾ ಅನ್ನುತ್ತಾಳೆ, ಅವಳೇನು ಸತ್ತಿಲ್ಲ. ಆದರೆ ಅಣ್ಣ ಗಂಡಸರು ಎಂದದ್ದೇ ತಡ, ಬಂದ ಮಾತು ಹಾಗೇ ಹಿಂದೆ ಸರಿಯಿತು. ತವರಿನ ಕಚೇರಿ ಅವಳ ವಿಷಯ ಅಣ್ಣನನ್ನು ಕೇಳಿತು. ಈ ಕಚೇರಿ ಅವಳ ವಿಷಯ ಲಿಫ್ಟಪ್ಪನನ್ನು ಕೇಳಿತು. ಕೇಳಿದವರಿಗೆಲ್ಲ ಅವಳ ಪರವಾಗಿ ಮಾತಾಡುವ ಉತ್ಸಾಹ. ಅದು ನನ್ನ ಮಾತಲ್ಲ, ಇವರನ್ನೇ ಕೇಳಿ ಎಂದವನು ಒಬ್ಬನೇ. ಅವನು ಪಕ್ಕದಲ್ಲಿ ತಲೆ ತಗ್ಗಿಸಿ, ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದ.

"ಅಣ್ಣ" ಎಂದಳು ಹಲ್ಲಕ್ಕ, "ನನಗೆ ಮದುವೆ ಆಗಿಲ್ಲ ಅನ್ನೋದು ನಿನಗಿಂತ ಚೆನ್ನಾಗಿ ನನಗೆ ಗೊತ್ತು. ಇಡ್ತೀನಿ."

ಎದ್ದು ನಿಂತು ಲಿಫ್ಟಪ್ಪನ ತೋಳು ತಟ್ಟಿದಳು. "ಏಳು. ನೀನು ಹೇಳಿದ್ದೇ ಸರಿ. ಆದ್ರೆ ಅಷ್ಟು ಹೇಳಿ ಸುಮ್ಮನೆ ಎದ್ದು ಬಂದ್ಯಲ್ಲ, ಅದು ತಪ್ಪು."

ಗಾಜಿನ ಮುಂದೆ ಈ ಸಲ ಅವಳೇ ಮುಂದೆ ನಿಂತಳು.

"ಬೇರೆಯವರು ಸಿಕ್ಕರಾ?" ಎಂದ ಗುಮಾಸ್ತ.

"ಸಿಕ್ಕರು. ನಾನೇ. ನನ್ನ ಕೈಲಿ ಪ್ರಮಾಣ ಮಾಡಿಸಿ."

"ಸ್ವಂತಕ್ಕೆ ಸ್ವಂತ ಮಾತು ಸಾಕಾಗಲ್ಲ, ತಾಯಿ."

"ಇವರಿಗೆ ಮುಂಚೆ ಮದುವೆ ಆಗಿಲ್ಲ ಅಂತ ಯಾರು ಹೇಳಿದ್ರು?" ಎಂದು ಹಲ್ಲಕ್ಕ ಲಿಫ್ಟಪ್ಪನ ಕಡೆ ಕೈ ತೋರಿಸಿದಳು.

"ಅವರೇ ಹೇಳಿದ್ರು. ನಮ್ಮ ದಾಖಲೆಯಲ್ಲೂ ಏನಿಲ್ಲ."

"ಇವರು ಆರು ವರ್ಷ ಬೇರೆ ದೇಶದಲ್ಲಿ ಲಿಫ್ಟ್ ಕೂರಿಸ್ತಿದ್ರು. ಅರ್ಜಿಯಲ್ಲೇ ಇದೆ. ಅಲ್ಲಿ ಮದುವೆ ಆಗಿದ್ರೆ ನಿಮ್ಮ ದಾಖಲೆಗೆ ಗೊತ್ತಾಗ್ತಿತ್ತಾ?"

ಗುಮಾಸ್ತ ಅರ್ಜಿಯನ್ನೊಮ್ಮೆ ನೋಡಿದ. "ಗೊತ್ತಾಗ್ತಿರಲಿಲ್ಲ."

"ಆದ್ರೂ ಇವರ ಅಣ್ಣನನ್ನೋ ಅಕ್ಕನನ್ನೋ ಕರೆಸಲಿಲ್ಲ, ನನ್ನನ್ನೂ ಕೇಳಲಿಲ್ಲ. ಇವರ ಬಾಯಿ ಮಾತು ತಗೊಂಡ್ರಿ. ನನ್ನ ಬಾಯಿಗೇನಾಗಿದೆ?"

ಟಕ್ ಎಂದಿತು ಸೆಟ್ಟು. ಗುಮಾಸ್ತ ಎದ್ದು ಒಳಗೆ ಹೋದ. ಬಹಳ ಹೊತ್ತು ಬರಲಿಲ್ಲ. ಹಿಂದಿನ ಸಾಲಿನ ಜೋಡಿ ಗೊಣಗತೊಡಗಿತು. ಹಲ್ಲಕ್ಕ ಜಾಗ ಬಿಟ್ಟು ಕದಲಲಿಲ್ಲ. "ಬಾಗಿಲು ಹಾಕಿದ್ರೂ ನಾನು ಇಲ್ಲೇ ಇರ್ತೀನಿ, ನಿಮಗೆ ಕಾಲು ನೋವಿದ್ರೆ ಕೂತ್ಕೊಳ್ಳಿ" ಎಂದಳು ಹಿಂದೆ ತಿರುಗಿ.

ಗುಮಾಸ್ತನ ಜೊತೆ ಮೇಲಧಿಕಾರಿಯೇ ಬಂದಳು. ನರೆತ ಕೂದಲಿನ, ಅವಸರದ ಹೆಂಗಸು. ನಿಂತುಕೊಂಡೇ ಮಾತಾಡಿದಳು.

"ನಿಯಮ ಏನೋ ಅಡ್ಡ ಬರಲ್ಲ. ಅರ್ಜಿದಾರರೇ ಪ್ರಮಾಣ ಮಾಡಬಹುದು. ಅಭ್ಯಾಸ ಇಲ್ಲ, ಅಷ್ಟೆ. ಸುಳ್ಳಾದರೆ ಜೈಲು, ಅದು ತಿಳಿದಿರಲಿ."

"ಆಗಲಿ. ನನ್ನ ಮಾತಿಗೆ ಜೈಲಾದ್ರೆ ನಾನೇ ಹೋಗ್ತೀನಿ. ಅಣ್ಣನ ಹೆಸರು ಹೇಳಲ್ಲ."

ಅಧಿಕಾರಿ ನಗಲಿಲ್ಲ. "ಕೈ ಎತ್ತಿ" ಎಂದಳು. ಪ್ಲಾಸ್ಟರ್ ಅಂಟಿದ ಉಗುರಿನ ಕೈಯನ್ನು ಹಲ್ಲಕ್ಕ ಮೇಲೆತ್ತಿ, ತನಗೆ ಈ ಮೊದಲು ಯಾವ ದೇಶದಲ್ಲೂ, ಯಾರ ಜೊತೆಗೂ ಮದುವೆಯಾಗಿಲ್ಲವೆಂದು ಸಾಲಿನ ಕೊನೆಯವರಿಗೂ ಕೇಳುವಂತೆ ಹೇಳಿದಳು. ಗುಮಾಸ್ತ ಠಸ್ಸೆ ಒತ್ತಿ, ಪರವಾನಗಿಯನ್ನು ಲಿಫ್ಟಪ್ಪನ ಕಡೆ ಚಾಚಿದ. ಅರ್ಧದಲ್ಲಿ ತಡೆದು, ಹಲ್ಲಕ್ಕನ ಕೈಗೆ ಕೊಟ್ಟ.

ಕಾರಿಡಾರಿಗೆ ಬಂದು ಲಿಫ್ಟಿನ ಗುಂಡಿ ಒತ್ತುತ್ತಿದ್ದಂತೆ ಫೋನ್ ಬಂತು. ಅಣ್ಣನ ದನಿ ಮೆತ್ತಗಾಗಿತ್ತು. "ನಾಳೆ ನಾನು ಹೋಗಿ ಹೇಳಿಕೆ ಕೊಡ್ಬೇಕಾ ಅಂತ ನಿಮ್ಮತ್ತಿಗೆ ಕೇಳ್ತಿದಾಳೆ."

"ಬೇಡ ಅಣ್ಣ, ಸಿಕ್ತು."

"ಯಾರು ಪ್ರಮಾಣ ಮಾಡಿದ್ರು?"

"ನಾನೇ."

ಆ ಕಡೆ ಅತ್ತಿಗೆ ಅಣ್ಣನಿಗೆ, "ಕೊಡ್ರೀ ಇಲ್ಲಿ ಆ ಫೋನು" ಎಂದದ್ದು ಕೇಳಿಸಿತು. ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಲಿಫ್ಟಪ್ಪ ಹೊಸ್ತಿಲಲ್ಲೇ ನಿಂತು, ಮೇಲಕ್ಕೆ ಕಿವಿಗೊಟ್ಟು, ಮುಖ ಗಂಟಿಕ್ಕಿದ.

"ಹತ್ತಬಹುದಾ?" ಎಂದಳು ಹಲ್ಲಕ್ಕ.

"ಇದು ನಾನು ನೋಡಿದ ಲಿಫ್ಟಲ್ಲ."

"ಗೊತ್ತು" ಎಂದು ಹಲ್ಲಕ್ಕ ಮೊದಲು ಒಳಗೆ ಕಾಲಿಟ್ಟಳು. ಫೋನಿನಲ್ಲಿ ಅತ್ತಿಗೆಗೆ "ಹೇಳಿ" ಎನ್ನುತ್ತ, ಇನ್ನೊಂದು ಕೈಯಿಂದ ಅವನಿಗಾಗಿ ಬಾಗಿಲು ಹಿಡಿದಳು.