ಗುಂಡಿಯ ಮುಚ್ಚದ ಕಣ್ಣು

ಟೈಲರಕ್ಕನ ಬೆಕ್ಕಿನ ಹೆಸರು ಗುಂಡಿ. ಮೆಷಿನ್ನಿನ ಎಡತುದಿಯ ಹಲಗೆ ಹನ್ನೊಂದು ವರ್ಷದಿಂದ ಅದರದೇ ಆಸ್ತಿ. ಮಧ್ಯಾಹ್ನದ ಬಿಸಿಲು ಬಟ್ಟೆಗಳ ಮೇಲೆ ತೂಕಡಿಸುವ ಹೊತ್ತಿಗೆ ಅಕ್ಕ ತುಳಿಯುವುದನ್ನು ನಿಲ್ಲಿಸಿ ಅದರತ್ತ ನೋಡಿ ನಿಧಾನವಾಗಿ ಎರಡೂ ಕಣ್ಣು ಮುಚ್ಚಿ ತೆರೆಯುತ್ತಿದ್ದಳು. ಗುಂಡಿಯೂ ಹಾಗೇ ಮಾಡುತ್ತಿತ್ತು. ಅವರಿಬ್ಬರ ಮಾತುಕತೆ ಅಷ್ಟೇ.

ಗುಂಡಿಯ ಬಲಗಿವಿಯೊಳಗೆ ಗಡ್ಡೆ ಬೆಳೆದು ಕೀವು ಸುರಿಯತೊಡಗಿತು. ಯಾವ ಔಷಧಿಗೂ ಬಗ್ಗಲಿಲ್ಲ.

"ಕಿವಿಯ ಕೊಳವೆನೇ ತೆಗೀಬೇಕು," ಎಂದರು ಬೆಕ್ಕಿನ ಡಾಕ್ಟರು. "ಮುಖದ ನರ ಪಕ್ಕದಲ್ಲೇ ಹೋಗುತ್ತೆ. ಅದಕ್ಕೆ ಪೆಟ್ಟಾದ್ರೆ ಆ ಕಡೆ ಕಣ್ಣು ಮುಚ್ಚೋಕಾಗಲ್ಲ."

ಹೊಲಿಗೆಯ ಅಂಚಿನಲ್ಲೇ ಕತ್ತರಿ ಆಡಿಸುವ ಕಷ್ಟ ಅಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಗಟ್ಟಿ ಮನಸ್ಸು ಮಾಡಿ ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ರುಜು ಹಾಕಿದಳು.

ಗುಂಡಿ ಬದುಕಿ ಬಂತು. "ಹೊಲಿಗೆ ಚೆನ್ನಾಗಿದೆ ಡಾಕ್ಟ್ರೇ, ಕೊನೇ ಗಂಟು ಸ್ವಲ್ಪ ದಪ್ಪ ಆಯ್ತು," ಎಂದಳು ಅಕ್ಕ. ಆದರೆ ಬಲಗಣ್ಣು ಬಿಟ್ಟದ್ದು ಬಿಟ್ಟ ಹಾಗೇ ಇತ್ತು. ಅದು ಒಣಗದಂತೆ ನಾಲ್ಕು ಗಂಟೆಗೊಮ್ಮೆ ಮುಲಾಮು ಹಚ್ಚಬೇಕು.

"ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯೋದು ಅಂದ್ರೆ ಇದೇ ನೋಡು," ಎಂದು ಪಕ್ಕದಲ್ಲಿ ಕೂತು ಅಂಗಿಗೆ ಬಟನ್ ಹೊಲಿಯುತ್ತಿದ್ದ ಅವಳ ತಂಗಿ ನಕ್ಕಳು. "ಎಣ್ಣೆ ಬೆಕ್ಕಿಗೆ, ಕಾವಲು ನಿಂದು."

ಅಕ್ಕನಿಗೆ ನಗು ಬರಲಿಲ್ಲ. ಮೆಷಿನ್ ಮುಂದೆ ಕೂತರೆ ಅವಳಿಗೆ ಕಾಣುವುದು ಬೆಕ್ಕಿನ ಬಲಮಗ್ಗುಲೇ. ದಿನವೂ ಅವಳು ಕಣ್ಣು ಮುಚ್ಚಿ ತೆರೆದರೆ, ಆ ಕಣ್ಣು ಅವಳನ್ನೇ ದುರುಗುಟ್ಟಿ ನೋಡುತ್ತಿತ್ತು. ನರದ ವಿಷಯ ತಲೆಗೆ ಗೊತ್ತಿದ್ದರೂ ಮನಸ್ಸು ಕೇಳಬೇಕಲ್ಲ. ರುಜು ಹಾಕಿದವಳನ್ನು ಇದು ಕ್ಷಮಿಸಿಲ್ಲ ಎಂದೇ ಕೊರಗಿದಳು. ಮಂಪರಿನಲ್ಲಿ ಕನಸೂ ಅದೇ: ಯಾರದೋ ಅಂಗಿಯ ಹೊಲಿಗೆ ಬಿಚ್ಚುತ್ತಾಳೆ, ದಾರದ ಜೊತೆ ಗುಂಡಿಯ ಗುರುಗುರು ಸದ್ದೂ ಎಳೆ ಎಳೆಯಾಗಿ ಬರುತ್ತದೆ, ಮುಗಿಯುವುದೇ ಇಲ್ಲ.

ಹತ್ತನೆಯ ದಿನ ಯಾರೋ ಕೋಟು ತೊಟ್ಟು ನೋಡಲು ಬಂದರು. ಎಡಗೋಡೆಯ ಕನ್ನಡಿಗೆ ತೂಗುಹಾಕಿದ್ದ ಬಟ್ಟೆಗಳನ್ನು ತಂಗಿ ತೆಗೆದಳು. ಅವರು ಹೋದ ಮೇಲೂ ಕನ್ನಡಿ ಬರಿದಾಗಿಯೇ ಉಳಿಯಿತು. ಅಕ್ಕ ಅಭ್ಯಾಸಬಲದಿಂದ ಕಣ್ಣು ಮುಚ್ಚಿ ತೆರೆದಳು. ಈಚೆಯ ಕಣ್ಣು ಎಂದಿನಂತೆ ದುರುಗುಟ್ಟಿತು. ಕನ್ನಡಿಯೊಳಗೆ ಗುಂಡಿಯ ಎಡಗಣ್ಣು ಮಾತ್ರ ನಿಧಾನವಾಗಿ ಮುಚ್ಚಿತು, ತೆರೆಯಿತು.

"ಅಯ್ಯೋ ತಂಗಿ, ಇದು ನಂಗೆ ಕಣ್ಣು ಹೊಡೀತಿದೆ ಕಣೇ!" ಎಂದವಳಿಗೆ ನಗುವಿನ ಜೊತೆ ಅಳುವೂ ಉಕ್ಕಿ ಬಂತು. ಇಷ್ಟೂ ದಿನ ಅದು ಉತ್ತರ ಕೊಡುತ್ತಲೇ ಇತ್ತು.

ತಿರುಗಿ ಕಣ್ಣು ಹೊಡೆಯೋಣವೆಂದರೆ ಈ ವಯಸ್ಸಿನವರೆಗೂ ಅವಳು ಆ ವಿದ್ಯೆ ಕಲಿತವಳಲ್ಲ. ತನ್ನ ಬಲಗಣ್ಣಿನ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿದು, ಎಡಗಣ್ಣನ್ನು ಮೆಲ್ಲಗೆ ಮುಚ್ಚಿದಳು.