ಹತ್ತಕ್ಕ ಒಂಬತ್ತು

ನಮ್ಮ ಕಾಲೇಜಿನ್ಯಾಗ ಏನೇನ್ ಐತಿ ಅಂತ ನನ್ನ ಕೇಳ್ರಿ, ಪ್ರಾಚಾರ್ಯರಕಿಂತ ಚಲೋ ಹೇಳ್ತೇನಿ. ಬಾಗಲಕೋಟಿ ಶಂಕರಲಿಂಗ ಸ್ಮಾರಕ ಕಾನೂನು ಕಾಲೇಜಿನ್ಯಾಗ ಹದಿನೆಂಟು ವರ್ಷದ ಸಿಪಾಯಿ ನಾ, ಚಂದಪ್ಪ. ಮೂರು ವರ್ಷದ ಎಲ್‌ಎಲ್‌ಬಿ ಮ್ಯಾಲೆ, ಐದು ವರ್ಷದ್ದು ಕೆಳಗ. ಹುಡುಗರು ಕರಿ ಕೋಟು ಹಾಕ್ಕೊಂಡು ಸುಳ್ಳ ಕೋರ್ಟ್ ನಡಸೂ ಹಾಲ್ ಒಂದೈತಿ. ಮತ್ತ ಬಡವರಿಗೆ ಪುಕ್ಕಟ ಕಾಯ್ದೆ ಹೇಳೂ ಕಾನೂನು ನೆರವು ಕೇಂದ್ರ. ಅದರ ಬೋರ್ಡ್ ದಿನಾ ನಾನ ಒರಸ್ತೇನಿ.

ಆ ಕೇಂದ್ರದವರು ಇಳಕಲ್ಲಿಗೆ ಶಿಬಿರಕ್ಕ ಹೋದಾಗ ನನ್ನ ತಂಗಿ ಹನಮವ್ವನ್ನ ನಾನ ಕರ್ಕೊಂಡು ಹೋಗಿ ಕುಂದರಿಸಿದೆ. ಅಕಿ ಗಂಡ ಬೀರಲಿಂಗ ಗ್ರಾನೈಟ್ ಪಾಲಿಶ್ ಫ್ಯಾಕ್ಟರ್ಯಾಗ ಕಲ್ಲು ಮೈಮ್ಯಾಲೆ ಬಿದ್ದು ಸತ್ತು ನಾಕು ತಿಂಗಳಾಗಿತ್ತು. ಮಾಲಕ ‘ಅಂವ ನಮ್ಮ ಆಳ ಅಲ್ಲ’ ಅಂದುಬಿಟ್ಟಿದ್ದ. ಶೈಲಾ ಅನ್ನೂ ವಿದ್ಯಾರ್ಥಿ ಎರಡು ತಾಸು ಕುಂತು ಪರಿಹಾರದ ಅರ್ಜಿ ಬರದಳು. ತಂಗಿ ಹೆಬ್ಬಟ್ಟು ಒತ್ತಿದಳು. ಬ್ಯಾರೆ ವಕೀಲರನ್ನೂ ಒಂದ್ ಮಾತು ಕೇಳೂಣು ಅಂದಳು. ‘ಹುಚ್ಚಿ, ನಮ್ಮ ಕಾಲೇಜ ಕೈ ಹಿಡದೈತಿ, ಸುಮ್ನಿರು’ ಅಂತ ನಾನ ಬೈದೆ.

ತಿಂಗಳಿಗೊಮ್ಮೆ ಫೋನು: ‘ಅಣ್ಣಾ, ತಾರೀಕು ಬಂತೇನು?’

‘ಕೋರ್ಟಿನ ಕೆಲಸವ್ವ, ತಡ ಆಗ್ತೈತಿ’ ಅಂತಿದ್ದೆ. ದೊಡ್ಡ ಕಾಯ್ದೆ ಬಲ್ಲಾಂವ ನಾ!

ನಿನ್ನೆ ವಿಶ್ವವಿದ್ಯಾಲಯದ ತಪಾಸಣಿ ಕಮಿಟಿ ಬರೂದಿತ್ತು. ಹಳೆ ವಿದ್ಯಾರ್ಥಿಗಳ ಪ್ರಾಕ್ಟಿಕಲ್ ಫೈಲು ಟೇಬಲ್ ಮ್ಯಾಲೆ ಜೋಡಸಾಕತ್ತಿದ್ದೆ. ಶೈಲಾನ ಫೈಲಿನ್ಯಾಗ ಬೀರಲಿಂಗನ ಹೆಸರು ಕಂಡಿತು. ಅದ ಅರ್ಜಿ, ತಂಗಿ ಹೆಬ್ಬಟ್ಟಿನ ನೀಲಿ ಗುರುತು. ಕಾಲೇಜು ಬಿಟ್ಟು ಅದು ಎಲ್ಲೂ ಹೋಗಿರಲಿಲ್ಲ. ಕೆಳಗ ಕೆಂಪು ಶಾಯಿಲೆ ಹತ್ತಕ್ಕ ಒಂಬತ್ತು ಅಂತ ಬರದಿದ್ರು. ಬಾಜೂಕ: ‘ಎರಡು ವರ್ಷದೊಳಗೆ ಸಲ್ಲಿಸಬೇಕೆಂಬ ಗಡುವು ನಮೂದಿಸಿಲ್ಲ. ಒಂದು ಅಂಕ ಕಡಿತ.’

ಬೀರಲಿಂಗ ಸತ್ತು ಎರಡು ವರ್ಷ ಮೂರು ತಿಂಗಳಾಗಿತ್ತು. ಫೈಲು ಎತ್ಕೊಂಡು ಓಡಿದೆ.

ಪ್ರಾಚಾರ್ಯರ ಮುಂದ ಹಿಡದೆ. ‘ಅದು ಪರೀಕ್ಷಾಕ್ಕ ಬರದದ್ದಪ್ಪ, ಕೋರ್ಟಿಗಲ್ಲ’ ಅಂದ್ರು. ‘ಈಗ ಹಾಕಬೇಕಂದ್ರ ತಡ ಯಾಕಾತು ಅಂತ ಕಾರಣ ತೋರಿಸಬೇಕು. ಕಾರಣ ಅಂದ್ರ ಕಾಲೇಜಿನ ಹೆಸರು ಬರ್ತೈತಿ. ಸಾಕ್ಷಿ ನೀನ ಹೇಳಬೇಕಾಗ್ತೈತಿ. ಇಲ್ಲೇ ನೌಕರಿ ಮಾಡಾಂವ ಅದೀ, ವಿಚಾರ ಮಾಡು.’ ಫೈಲು ಇಸಗೊಂಡು ಎಲ್ಲಾದರ ಮ್ಯಾಲೆ ಇಟ್ರು.

ಕಮಿಟಿಯವರು ಅದನ್ನ ತಿರುವಿ ಹಾಕಿ ‘ಭಾಳ ಚಲೋ ಕೆಲಸ’ ಅಂದ್ರು. ನಾ ಚಾದ ಟ್ರೇ ಹಿಡ್ಕೊಂಡು ನಿಂತಿದ್ದೆ. ಕಿಸೆದಾಗಿನ ಫೋನು ರಿಂಗಾತು. ಹೊರಗ ಬಂದೆ.

‘ಅಣ್ಣಾ, ತಾರೀಕು ಬಂತೇನು?’

ಖರೆ ಹೇಳಬೇಕಂತ ಬಾಯಿ ತಗದೆ. ಹಾಳಾದ್ ನಾಲಿಗಿ!

‘ಇನ್ನೂ ಬಂದಿಲ್ಲವ್ವ’ ಅಂದೆ. ‘ಬರ್ತೈತಿ ಬಿಡು. ನಾ ಇಲ್ಲೇ ಅದೀನಲ್ಲ.’